ಹೊಸ ಗೋಡೆಯ ನೀರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಗಾರೆ ಬಳಿದವರು ಕರಣೆ ತೊಳೆದು ಹೊರಟೊಡನೆ ಕಟ್ಟುವ ಕಷ್ಟ ಮುಗಿಯಿತೆಂದು ಮನೆಯವರು ಭಾವಿಸುತ್ತಾರೆ. ಗೋಡೆಯ ಕೆಲಸವಾದರೋ ಆಗ ಮೊದಲಾಗುತ್ತದೆ.

ಸಿಮೆಂಟಿನ ಗಾರೆ ಗಟ್ಟಿಯಾಗುವುದು ಒಣಗುವುದರಿಂದಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡುವುದರಿಂದ. ಆದುದರಿಂದಲೇ ಕನಿಷ್ಠ 7 ದಿನ ಗೋಡೆಗೆ ನೀರುಣಿಸಬೇಕು. ಬಿಸಿಲಿಗೆ ಬೇಗನೆ ಒಣಗಿದ ಗಾರೆ ಬಿರುಕು ಬಿಡುತ್ತದೆ. ಆದರೆ ಸಿಮೆಂಟು ತನ್ನಲ್ಲಿ ಸೇರಿಸಿಕೊಳ್ಳುವ ನೀರು ಅದರ ತೂಕದ ಸುಮಾರು ಕಾಲುಭಾಗ ಮಾತ್ರ. ಉಳಿದ ನೀರೆಲ್ಲ ಮೆಲ್ಲನೆ ಆವಿಯಾಗಿ ಹೊರಬರಬೇಕು.

ಆ ಆವಿಯನ್ನು ಕೋಣೆಯ ಗಾಳಿ ಹೊರುತ್ತದೆ. ಗಾಳಿಯ ಶಕ್ತಿಗೂ ಮಿತಿಯುಂಟು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರು ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಮಿಕ್ಕದ್ದು ತಣ್ಣನೆಯ ಗಾಜಿನ ಮೇಲೆ, ಗೋಡೆಯ ಮೂಲೆಗಳಲ್ಲಿ ಹನಿಗಟ್ಟುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದೂ ಹೀಗೆಯೇ.

ಮಲೆನಾಡಿನಲ್ಲಿ ವೈಶಾಖದೊಳಗೆ ಗೃಹಪ್ರವೇಶವಾಗಲೆಂದು ಅವಸರದಿಂದ ಗಾರೆ ಮಾಡಿಸಿ, ಕೂಡಲೇ ಎಣ್ಣೆಬಣ್ಣ ಬಳಿಸುವವರುಂಟು. ಜೂನ್ ತಿಂಗಳಲ್ಲಿ ಮಳೆ ಹಿಡಿಯುತ್ತಲೇ ಕಿಟಕಿಗಳು ಮುಚ್ಚುತ್ತವೆ. ಅಡುಗೆಯ ಹಬೆ, ಸ್ನಾನದ ಹಬೆ, ಒಳಗೆ ಹರವಿದ ಒದ್ದೆಬಟ್ಟೆಯ ತೇವ ಎಲ್ಲವೂ ಗೋಡೆಯ ತೇವದೊಡನೆ ಸೇರುತ್ತವೆ. ಬಣ್ಣ ಬೊಬ್ಬೆಯೆದ್ದು ಕಳಚುತ್ತದೆ. ಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ ಬೂಷ್ಟು ಹಬ್ಬುತ್ತದೆ.

ಗೋಡೆ ಬೇಗ ಒಣಗಲೆಂದು ಬಾಗಿಲು ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಹೊತ್ತಿಸುವುದು ಪ್ರಾಣಾಪಾಯಕರ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂಥ ಕೋಣೆಯಲ್ಲಿ ಮಲಗಿದವರು ಮತ್ತೆ ಏಳದೆ ಹೋಗಬಹುದು. ಗೋಡೆಗೆ ಬೇಕಾದುದು ಬೆಂಕಿಯಲ್ಲ, ಗಾಳಿ. ಮಳೆ ಬಿಡುವು ಕೊಟ್ಟಾಗ ಎದುರುಬದುರಿನ ಕಿಟಕಿಗಳನ್ನು ತೆರೆಯಬೇಕು. ಅಡುಗೆಯ ಹಬೆಯನ್ನು ನೇರವಾಗಿ ಹೊರಗೆ ಕಳುಹಿಸಬೇಕು. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರವಿಡಬೇಕು.

ತೇವ ಎಲ್ಲಿಂದ ಬಂದಿತೆಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕು ಅಂಚುಗಳನ್ನೂ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಬೇಕು. ಹನಿಗಳು ಹಾಳೆಯ ಒಳಮೈಯಲ್ಲಿದ್ದರೆ ಆ ನೀರು ಗೋಡೆಯದು; ಬಣ್ಣ ಬಳಿಯಲು ಕಾಯಬೇಕು. ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆಯಬೇಕು.

ಬೇಕಾದಾಗ ನೀರು ಕೊಟ್ಟು, ಬೇಡವಾದಾಗ ಅದಕ್ಕೆ ಹೊರದಾರಿ ಕೊಟ್ಟರೆ ಗೋಡೆ ಬಹುಕಾಲ ಬಾಳುತ್ತದೆ. ‘ಕಟ್ಟಿ ನೋಡು’ ಎಂಬ ಮಾತಿಗೆ ‘ಕಾದು ನೋಡು’ ಎಂಬುದನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಅಭ್ಯಾಸ
1. ಹೊಸ ಗಾರೆಗೆ ನೀರುಣಿಸುವುದೇಕೆ?
2. ಗಾಳಿ ತಣ್ಣಗಾದಾಗ ಹನಿಗಟ್ಟುವುದು ಹೇಗೆ?
3. ‘ಗೋಡೆಗೆ ಬೇಕಾದುದು ಬೆಂಕಿಯಲ್ಲ, ಗಾಳಿ’ – ಈ ಮಾತನ್ನು ವಿವರಿಸಿ.