ಮೊಣಕಾಲಿನ ಕೀಲು: ಗಂಡಸರಲ್ಲಿ, ಹೆಂಗಸರಲ್ಲಿ

ನಮ್ಮ ದೇಹದ ಕೀಲುಗಳಲ್ಲೆಲ್ಲ ಮೊಣಕಾಲಿನ ಕೀಲು ದೊಡ್ಡದು. ತೊಡೆಯ ಎಲುಬು, ಕೆಳಗಾಲಿನ ದೊಡ್ಡ ಎಲುಬು, ಮುಂಭಾಗದ ಚಿಪ್ಪು, ಈ ಮೂರೂ ಅಲ್ಲಿ ಕೂಡುತ್ತವೆ. ಬಾಗಿಲಿನ ಬಿಜಾಗರಿಯಂತೆ ಅದು ಮಡಿಚುತ್ತದೆ, ಬಿಚ್ಚುತ್ತದೆ ಎಂದು ಹೇಳುವುದು ವಾಡಿಕೆ. ಆದರೆ ಬಿಜಾಗರಿಯು ತನ್ನ ಜಾಗದಲ್ಲಿಯೇ ತಿರುಗುತ್ತದೆ. ಮೊಣಕಾಲಾದರೋ ಮಡಿಚುವಾಗ ಉರುಳುತ್ತದೆ, ಜಾರುತ್ತದೆ, ತುಸು ತಿರುಚಿಕೊಳ್ಳುತ್ತದೆ. ಸಮನೆಲದಲ್ಲಿ ನಡೆಯುವಾಗಲೇ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. 60 ಕಿಲೋ ತೂಕದವರ ಒಂದೊಂದು ಹೆಜ್ಜೆಗೂ 120ರಿಂದ 180 ಕಿಲೋ! ರೈಲ್ವೆ ಸ್ಟೇಶನ್ನಿನ ಮೇಲ್ಸೇತುವೆಯನ್ನು ದಿನಕ್ಕೆರಡು ಬಾರಿ ಹತ್ತಿಳಿಯುವ ಮುಂಬಯಿಯವರ ಮೊಣಕಾಲುಗಳ ಪಾಡನ್ನು ಓದುಗರೇ ಲೆಕ್ಕ ಹಾಕಬಹುದು.

ಇಷ್ಟು ಭಾರವನ್ನು ತಡೆಯುವುದಕ್ಕಾಗಿ ಎಲುಬಿನ ತುದಿಗಳಿಗೆ ಮೃದ್ವಸ್ಥಿಯ ಹೊದಿಕೆಯುಂಟು. ಅದು ಬಿಳುಪಾಗಿ, ನುಣುಪಾಗಿ, ಕೆಲವೇ ಮಿಲಿಮೀಟರು ದಪ್ಪವಾಗಿರುತ್ತದೆ. ಅದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ರಕ್ತನಾಳಗಳಿಲ್ಲದ್ದರಿಂದ ಅದಕ್ಕೆ ಪೋಷಣೆ ಬರುವುದು ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದ. ಸ್ಪಂಜನ್ನು ಹಿಂಡಿ ಬಿಟ್ಟಂತೆ, ಕಾಲನ್ನು ಆಡಿಸಿದಾಗಲೆಲ್ಲ ಆ ದ್ರವವು ಒಳಹೊಕ್ಕು ಹೊರಬರುತ್ತದೆ. ಸದಾ ಕುಳಿತೇ ಇರುವವನ ಮೃದ್ವಸ್ಥಿ ಹಸಿದಿರುತ್ತದೆಯೆನ್ನಬಹುದು. ಇನ್ನು ನರಗಳಿಲ್ಲದ್ದರಿಂದ ಅದು ಸವೆಯುವಾಗ ತಾನು ನೋಯುವುದಿಲ್ಲ. ನೋವು ಹುಟ್ಟುವುದು ಕೆಳಗಿನ ಎಲುಬಿನಲ್ಲಿ, ಕೀಲಿನ ಒಳಪೊರೆಯಲ್ಲಿ. ಅಂದರೆ ಅನೇಕ ವೇಳೆ ಹಾನಿಯು ಸಾಕಷ್ಟು ಮುಂದುವರಿದ ಬಳಿಕ.

ಈ ರೋಗಕ್ಕೆ ಅಸ್ಥಿಸಂಧಿವಾತವೆಂದು ಹೆಸರು. ಚಪ್ಪಲಿ ಸವೆದಂತೆ ಇದು ಬರಿಯ ಸವೆತವಲ್ಲ. ಎಲುಬಿನ ಅಂಚು ಮುಳ್ಳಿನಂತೆ ಬೆಳೆಯುತ್ತದೆ, ಒಳಪೊರೆ ಊದಿಕೊಳ್ಳುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಈ ರೋಗವಿದ್ದಿತು. ಅವರಲ್ಲಿ ಶೇಕಡಾ 60ರಷ್ಟು ಹೆಂಗಸರು. ಅದರ ಮುಖ್ಯ ನೆಲೆ ಮೊಣಕಾಲೇ. ಐವತ್ತು ವರ್ಷದೊಳಗೆ ಗಂಡಸರಿಗೂ ಹೆಂಗಸರಿಗೂ ಹೆಚ್ಚಿನ ಅಂತರವಿಲ್ಲ. ಐವತ್ತು ದಾಟಿತೆಂದರೆ ಹೆಂಗಸರ ಸಾಲು ಬೆಳೆಯುತ್ತ ಹೋಗುತ್ತದೆ. ಇದಕ್ಕೆ ಕಾರಣವೇನು?

ಮೊದಲು ದೇಹರಚನೆಯನ್ನು ನೋಡೋಣ. ಎಂ.ಆರ್.ಐ. ಯಂತ್ರದಿಂದ ಅಳೆದು ನೋಡಿದಾಗ ಗಂಡಸರ ಮೊಣಕಾಲಿನ ಮೃದ್ವಸ್ಥಿಯು ಹೆಂಗಸರದಕ್ಕಿಂತ ಹೆಚ್ಚೆಂದು ಕಂಡುಬಂದಿದೆ. ಎಲುಬಿನ ಗಾತ್ರದ ವ್ಯತ್ಯಾಸವನ್ನು ಕಳೆದರೂ ಈ ಅಂತರ ಪೂರ್ತಿ ಅಳಿಯುವುದಿಲ್ಲ. ಹಾಗಾದರೆ ಮೂಲ ಬಂಡವಾಳವೇ ಕಡಿಮೆಯೆಂದಾಯಿತು. ಎರಡನೆಯದು, ಮುಟ್ಟು ನಿಲ್ಲುವ ವಯಸ್ಸು. ಆಗ ದೇಹದಲ್ಲಿ ಈಸ್ಟ್ರೋಜೆನ್ ಎಂಬ ರಸದೂತ ಕುಗ್ಗುತ್ತದೆ. ಮೃದ್ವಸ್ಥಿಯ ಜೀವಕೋಶಗಳಾದರೋ ಅದರ ಸಂದೇಶವನ್ನು ಗ್ರಹಿಸಬಲ್ಲವು. ಆದರೆ ಅದೇ ರಸವನ್ನು ಔಷಧಿಯಾಗಿ ಕೊಟ್ಟು ನೋಡಿದಾಗ ಎಲ್ಲೆಡೆ ಒಂದೇ ಬಗೆಯ ಫಲ ದೊರೆತಿಲ್ಲ. ಹೆಂಗಸರ ಸೊಂಟದ ಎಲುಬು ಅಗಲವಾದ್ದರಿಂದ ತೊಡೆಯೆಲುಬು ಓರೆಯಾಗಿ ಇಳಿಯುತ್ತದೆಂಬ ಕಾರಣವನ್ನೂ ಪುಸ್ತಕಗಳಲ್ಲಿ ಹೇಳುತ್ತಾರೆ. ಆ ಓರೆಯ ಸರಾಸರಿ ಅಂತರವು ಕೆಲವೇ ಡಿಗ್ರಿಗಳದು. ನಾವು ಅದಕ್ಕೆ ಅಷ್ಟಾಗಿ ಬೆಲೆ ಕೊಡಲಾರೆವು.

ಇಷ್ಟಕ್ಕೇ ನಿಲ್ಲಿಸಿ, "ಹೆಣ್ಣಿನ ದೇಹವೇ ಹಾಗೆ" ಎಂದುಬಿಟ್ಟರೆ ಅರ್ಧ ಮಾತ್ರ ಹೇಳಿದಂತಾಯಿತು. ಇಂಗ್ಲೆಂಡಿನಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಕಲ್ಲಿದ್ದಲು ಗಣಿಯ ಕೆಲಸಗಾರರನ್ನು ಪರೀಕ್ಷಿಸಿ 1952ರಲ್ಲಿ ಪ್ರಕಟಿಸಿದರು. ಕಚೇರಿಯಲ್ಲಿ ಕುಳಿತು ಬರೆಯುವವರಿಗಿಂತ ಗಣಿಯವರ ಮೊಣಕಾಲುಗಳು ಹೆಚ್ಚು ಕೆಟ್ಟಿದ್ದವು. ಇವರೆಲ್ಲ ಗಂಡಸರೇ! ತಗ್ಗಾದ ಸುರಂಗದಲ್ಲಿ ಮೊಣಕಾಲೂರಿ ದುಡಿದವರು. ಮಾಡುವ ಕೆಲಸವೂ ಕೀಲನ್ನು ಕೆಡಿಸುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ನಿದರ್ಶನ ಚೀನ ದೇಶದ್ದು. ಬೀಜಿಂಗ್ ನಗರದ ವೃದ್ಧರನ್ನು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ವೃದ್ಧರೊಡನೆ ಹೋಲಿಸಿದ ವರದಿಯು 2001ರಲ್ಲಿ ಹೊರಬಂದಿತು. ಎರಡೂ ಕಡೆಯ ಗಂಡಸರಲ್ಲಿ ರೋಗವು ಹೆಚ್ಚುಕಡಿಮೆ ಸಮ. ಬೀಜಿಂಗಿನ ಹೆಂಗಸರಲ್ಲಿ ಮಾತ್ರ ಅಮೆರಿಕದ ಹೆಂಗಸರಿಗಿಂತ ಹೆಚ್ಚು. ಅವರೇನೂ ಹೆಚ್ಚು ದಪ್ಪನಾದವರಲ್ಲ. ಎಳೆಯ ಪ್ರಾಯದಲ್ಲಿ ದಿನಕ್ಕೆಷ್ಟು ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತಿದ್ದಿರಿ ಎಂದು ಆ ನಗರದವರನ್ನೇ ಕೇಳಿದ ಮತ್ತೊಂದು ವರದಿ 2004ರಲ್ಲಿ ಬಂದಿತು. ಹೆಚ್ಚು ಹೊತ್ತು ಕುಳಿತವರಲ್ಲಿ ರೋಗವೂ ಹೆಚ್ಚು. ಈಳಿಗೆಯ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಮುಂದೆ, ಒಲೆಯ ಮುಂದೆ ನಮ್ಮ ಅಜ್ಜಿಯರು ಕಳೆದ ಗಂಟೆಗಳನ್ನು ಯಾರೂ ಲೆಕ್ಕವಿಟ್ಟಿಲ್ಲ. ಊಟಕ್ಕೆ ನೆಲದ ಮೇಲೆ ಕೂಡಬಾರದೆಂದು ನಾವು ಹೇಳುತ್ತಿಲ್ಲ. ಗಂಟೆಗಟ್ಟಲೆಯಾಗಿ, ವರ್ಷಗಟ್ಟಲೆಯಾಗಿ ಕುಕ್ಕರಿಸುವುದರ ಮಾತು ಇದು.

ದೇಹದ ತೂಕವೂ ಮುಖ್ಯವಾದುದು. ಮೇಲೆ ಹೇಳಿದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿಯೇ, ಹತ್ತು ವರ್ಷಗಳಲ್ಲಿ ಸುಮಾರು 5 ಕಿಲೋ ಇಳಿದ ಹೆಂಗಸರಲ್ಲಿ ಮೊಣಕಾಲಿನ ಈ ರೋಗದ ಸಂಭವವು ಅರ್ಧಕ್ಕಿಂತಲೂ ಕಡಿಮೆಯಾಯಿತೆಂದು 1992ರ ವರದಿ ಹೇಳುತ್ತದೆ.

ವಿದ್ಯಾರ್ಥಿನಿಯರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಮೊಣಕಾಲಿನ ಒಳಗೆ ಅಡ್ಡಡ್ಡಲಾಗಿ ದಾಟುವ ಎರಡು ಅಸ್ಥಿರಜ್ಜುಗಳಿವೆ. ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗಳಲ್ಲಿ ಜಿಗಿದು ನೆಲಕ್ಕಿಳಿಯುವಾಗ ಇವುಗಳಲ್ಲಿ ಮುಂದಿನದು ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಹಾಗೆ ಹರಿದ ಮೊಣಕಾಲಿಗೆ ಮುಂದೆ ಸಂಧಿವಾತ ಬೇಗ ತಗಲುತ್ತದೆ. ಆದ್ದರಿಂದ ಹುಡುಗಿಯರು ಆಡಬಾರದೆಂದು ತೀರ್ಮಾನಿಸುವ ಹಿರಿಯರುಂಟು, ಇದು ಸರಿಯಲ್ಲ. ನಾರ್ವೆ ದೇಶದಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರಿಗೆ ಆಟಕ್ಕೆ ಮುನ್ನ ಸುಮಾರು 20 ನಿಮಿಷ ವಿಶೇಷ ವ್ಯಾಯಾಮ ಮಾಡಿಸಿದರು: ಓಟ, ಒಂಟಿಗಾಲಿನ ಸಮತೋಲ, ಮೊಣಕಾಲು ಒಳಕ್ಕೆ ವಾಲದಂತೆ ಜಿಗಿದಿಳಿಯುವುದು. ಅವರಲ್ಲಿ ಗಂಭೀರ ಗಾಯಗಳು ಸುಮಾರು ಅರ್ಧಕ್ಕೆ ಇಳಿದವೆಂದು 2008ರಲ್ಲಿ ಪ್ರಕಟವಾಯಿತು. ಇದಕ್ಕೆ ಬೇಕಾದುದು ಒಂದು ಅಂಗಳ ಮಾತ್ರ.

ಇನ್ನು ಚಿಕಿತ್ಸೆಯ ವಿಷಯ. ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೂ ಒಂದೇ ಮಟ್ಟದ ಮೊಣಕಾಲು ರೋಗವುಳ್ಳವರು, ಒಂದೇ ಬಗೆಯ ತೊಂದರೆಯನ್ನು ಹೇಳಿಕೊಳ್ಳುತ್ತ 71 ವೈದ್ಯರ ಬಳಿಗೆ ಹೋದರು. ಕೃತಕ ಕೀಲನ್ನು ಕೂಡಿಸುವ ಶಸ್ತ್ರಚಿಕಿತ್ಸೆಯನ್ನು ಗಂಡಸಿಗೆ ಸೂಚಿಸಿದವರು ಶೇಕಡಾ 67. ಹೆಂಗಸಿಗೆ ಸೂಚಿಸಿದವರು ಶೇಕಡಾ 33. ಇದೂ 2008ರ ವರದಿಯೇ. ಇಲ್ಲಿ ಮೃದ್ವಸ್ಥಿಯನ್ನಾಗಲಿ ಈಸ್ಟ್ರೋಜೆನ್ನನ್ನಾಗಲಿ ದೂರುವಂತಿಲ್ಲ. ಕೇಳುವ ಕಿವಿಯಲ್ಲಿಯೇ ಭೇದವಿದ್ದಿತು. ಹೆಂಗಸರು ತೀರ ಕೈಲಾಗದ ಸ್ಥಿತಿಗೆ ಬಂದ ಮೇಲೆ ಶಸ್ತ್ರಚಿಕಿತ್ಸೆಗೆ ಬರುತ್ತಾರೆಂದು ಬೇರೆ ದೇಶಗಳ ವೈದ್ಯರೂ ಕಂಡಿದ್ದಾರೆ.

ನಮ್ಮ ಶಾಲೆಯಂಥ ಶಾಲೆಗಳ ಮಕ್ಕಳಿಗೆ ಇದರಲ್ಲಿ ಒಂದು ಪಾತ್ರವುಂಟು. ಊರಿನಿಂದ ಬಂದ ಅಜ್ಜಿಗೆ ಕನ್ನಡವೊಂದೇ ಗೊತ್ತು. ದವಾಖಾನೆಯಲ್ಲಿ ನಡೆಯುವುದು ಮರಾಠಿ, ಹಿಂದಿ. ನಡುವೆ ನಿಂತು ಹೇಳುವವರು ಮೊಮ್ಮಕ್ಕಳು. ಅಜ್ಜಿ "ಬಿಗಿತ", "ಸೆಳೆತ", "ಕಾಲು ಕೈಕೊಡುತ್ತದೆ" ಎಂದು ಬೇರೆ ಬೇರೆಯಾಗಿ ಹೇಳಿದುದನ್ನೆಲ್ಲ "ನೋವಂತೆ" ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ವೈದ್ಯರಿಗೆ ಬೇಕಾದುದು ತಪ್ಪಿಹೋಗುತ್ತದೆ. ಎಷ್ಟು ಮೆಟ್ಟಿಲು ಹತ್ತಬಲ್ಲರು, ಯಾವ ಕೆಲಸ ನಿಂತುಹೋಗಿದೆ, ಬೆಳಿಗ್ಗೆ ಎದ್ದಾಗ ಕೀಲಿನ ಬಿಗಿತ ಎಷ್ಟು ನಿಮಿಷ ಇರುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಅರ್ಧ ಗಂಟೆಯೊಳಗೆ ಬಿಗಿತ ಸಡಿಲಿದರೆ ಅದು ಸಾಮಾನ್ಯವಾಗಿ ಅಸ್ಥಿಸಂಧಿವಾತ. ಒಂದು ಗಂಟೆ ಮೀರಿದರೆ ಬೇರೆ ಬಗೆಯ ಸಂಧಿವಾತವಿರಬಹುದು, ಅದರ ಔಷಧಿಯೂ ಬೇರೆ.