ಅಂಗಳ ದಾಟುವ ಅಲೆಗಳು

ಚಿಕ್ಕಮಗಳೂರು ಜಿಲ್ಲೆಯ ಕಳಸದಿಂದ ಕುದುರೆಮುಖದ ಕಡೆಗೆ ಸಾಗುವ ಹಾದಿಯಲ್ಲಿ ಸಂಸೆ ಎಂಬ ಊರಿದೆ. ಕಾಫಿ, ಅಡಕೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ; ಸುತ್ತಲೂ ಎತ್ತರವಾದ ಗಿರಿಸಾಲು. ಇಂತಹ ಪ್ರದೇಶದಲ್ಲಿ ಮೊಬೈಲ್ ದೂರವಾಣಿಯ ಅಲೆಗಳು ಬೆಟ್ಟಗಳಿಂದ ತಡೆಯಲ್ಪಟ್ಟು ಎಲ್ಲೆಡೆಗೂ ಸಮನಾಗಿ ತಲಪುವುದಿಲ್ಲ. 2020ರಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ, ಮಲೆನಾಡಿನ ಅನೇಕ ವಿದ್ಯಾರ್ಥಿಗಳು ಪಾಠ ಕೇಳುವುದಕ್ಕಾಗಿ ಗುಡ್ಡದ ನೆತ್ತಿಯನ್ನು ಏರಬೇಕಾಯಿತು. ಹೀಗಿರುವಲ್ಲಿ, ಒಂದು ಮನೆಯ ವೈಫೈ ಅಲೆಗಳು ಬೇಲಿಯನ್ನು ದಾಟಿ ದಾರಿಯವರೆಗೂ ಹರಡಿದರೆ, ಅವುಗಳನ್ನು ಅನ್ಯರು ಬಳಸಬಹುದೇ? ಪ್ರಶ್ನೆಯು ಚಿಕ್ಕದಾಗಿ ಕಂಡರೂ ಅದರಲ್ಲಿ ನೀತಿಯೂ ಅಡಗಿದೆ, ಕಾನೂನೂ ಅಡಗಿದೆ.

‘ಗಾಳಿಯಲ್ಲಿ ಬರುವುದು ಎಲ್ಲರ ಸ್ವತ್ತಲ್ಲವೇ?’ ಎಂದು ಕೆಲವರು ವಾದಿಸುವುದುಂಟು. ಈ ವಾದವನ್ನು ಪರೀಕ್ಷಿಸಿ ನೋಡಬೇಕು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಆ ಅಲೆಗಳನ್ನು ಹರಡಿದ ಉದ್ದೇಶವೇ ಎಲ್ಲರೂ ಕೇಳಲೆಂಬುದು. ಕೇಳುವವರು ಹತ್ತು ಮಂದಿಯಿದ್ದರೂ ಸಾವಿರ ಮಂದಿಯಿದ್ದರೂ ಒಬ್ಬರ ಪಾಲು ಮತ್ತೊಬ್ಬರಿಂದ ಕುಗ್ಗುವುದಿಲ್ಲ. ವೈಫೈ ಹಾಗಲ್ಲ. ಅದು ಕೊಟ್ಟು ತೆಗೆದುಕೊಳ್ಳುವ ಸಂಪರ್ಕ. ಹೊರಗಿನವನ ಕೋರಿಕೆಯೂ ಆ ಮನೆಯ ರೂಟರ್ ಪೆಟ್ಟಿಗೆಯ ಮೂಲಕವೇ, ಆ ಮನೆಯವರ ಹೆಸರಿನಲ್ಲಿಯೇ ಹೊರಡುತ್ತದೆ. ಅವರು ಹಣ ತೆತ್ತು ಪಡೆದ ಸಾಮರ್ಥ್ಯದಲ್ಲಿ ಪಾಲು ಪಡೆಯುತ್ತದೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಭಾರತ ಸರ್ಕಾರವು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿರುವುದು ನಿಜ. ಆದರೆ ರಸ್ತೆಯು ಸಾರ್ವಜನಿಕವೆಂದ ಮಾತ್ರಕ್ಕೆ ಅದರ ಮೇಲೆ ನಿಂತಿರುವ ಗಾಡಿಯು ಸಾರ್ವಜನಿಕವಾಗುವುದಿಲ್ಲ.

ಮಲೆನಾಡಿನವರಿಗೆ ಇದನ್ನು ಅಬ್ಬಿಯ ನೀರಿನ ಉದಾಹರಣೆಯಿಂದ ತಿಳಿಯುವುದು ಸುಲಭ. ಬೆಟ್ಟದ ಒರತೆಯನ್ನು ಯಾರೂ ಸೃಷ್ಟಿಸಿಲ್ಲ. ಆದರೆ ಅಡಕೆಯ ದಂಬೆಗಳನ್ನು ಜೋಡಿಸಿ ಆ ನೀರನ್ನು ಅಂಗಳಕ್ಕೆ ತಂದವರು ಮನೆಯವರು. ಬಾಯಾರಿ ಬಂದು ಕೇಳಿದವನಿಗೆ ನೀರಿಲ್ಲವೆನ್ನುವ ಮನೆ ಆ ನಾಡಿನಲ್ಲಿ ಅಪರೂಪ. ಅದೇ ಮನುಷ್ಯನು ಇರುಳಿನಲ್ಲಿ ಬಂದು ದಂಬೆಯನ್ನೇ ತನ್ನ ತೋಟಕ್ಕೆ ತಿರುಗಿಸಿಕೊಂಡರೆ? ನೀರು ಅದೇ ಆದರೂ ಕಾರ್ಯವು ಬೇರೆ. ಮೊದಲನೆಯದು ಸ್ನೇಹ, ಎರಡನೆಯದು ಕಳವು. ಇವೆರಡರ ನಡುವೆ ಇರುವ ಅಂತರವೆಂದರೆ ‘ಕೇಳುವುದು’ ಎಂಬ ಒಂದೇ ಒಂದು ನಡತೆ.

ಕೇಳದೆ ಬಳಸುವುದರಿಂದಾಗುವ ಹಾನಿಯು ಬರಿಯ ಹಣದ್ದಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳು ಸಂಭವಿಸಿದವು. ಅದಕ್ಕೆ ತುಸು ಮುಂಚೆ ಬಂದ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದ ಪೊಲೀಸರು ನವಿ ಮುಂಬಯಿಯ ಒಂದು ಮನೆಯನ್ನು ತಲಪಿದರು. ಆ ಮನೆಯ ನಿವಾಸಿಯು ವಿಚಾರಣೆಗೆ ಒಳಗಾಗಬೇಕಾಯಿತು, ಗಣಕಯಂತ್ರವು ವಶವಾಯಿತು. ಭದ್ರಪಡಿಸದಿದ್ದ ಆತನ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಅನ್ಯರು ಮಾಡಿದ ದುಷ್ಕಾರ್ಯದ ಸಂಶಯವು ನಿರಪರಾಧಿಯ ಬಾಗಿಲಿಗೆ ಬಂದು ನಿಂತಿತು. ಮರುವರ್ಷವೇ ಕೇಂದ್ರ ದೂರಸಂಪರ್ಕ ಇಲಾಖೆಯು ವೈಫೈ ಸಂಪರ್ಕಗಳನ್ನು ಭದ್ರಪಡಿಸಬೇಕೆಂದು ಸೂಚನೆಗಳನ್ನು ಹೊರಡಿಸಿತು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಪ್ರಕರಣದ ಪ್ರಕಾರ, ಒಡೆಯನ ಅಥವಾ ಮೇಲ್ವಿಚಾರಕನ ಅನುಮತಿಯಿಲ್ಲದೆ ಗಣಕಜಾಲವನ್ನು ಪ್ರವೇಶಿಸಿದವನು ಪರಿಹಾರ ತೆರಬೇಕಾಗುತ್ತದೆ. ಅದನ್ನು ಅಪ್ರಾಮಾಣಿಕತೆಯಿಂದ ಅಥವಾ ವಂಚನೆಯ ಉದ್ದೇಶದಿಂದ ಎಸಗಿದರೆ, 66ನೆಯ ಪ್ರಕರಣದಂತೆ ಮೂರು ವರ್ಷಗಳವರೆಗೆ ಕಾರಾಗೃಹವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಪರರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದೂ ಶಿಕ್ಷಾರ್ಹವಾದ ಅಪರಾಧವೇ. ಬಾಗಿಲಿಗೆ ಬೀಗವಿಲ್ಲವೆಂಬುದು ಒಳಗೆ ಬರಲು ಕೊಟ್ಟ ಅಪ್ಪಣೆಯಲ್ಲ.

ಹಾಗೆಂದ ಮಾತ್ರಕ್ಕೆ ಹಂಚಿಕೊಳ್ಳುವುದೇ ತಪ್ಪೆಂದು ತಿಳಿಯಬಾರದು. ಎಲ್ಲರಿಗಾಗಿಯೇ ತೆರೆದಿರುವ ಜಾಲಗಳೂ ಇವೆ. ಊರೂರಿನ ಅಂಗಡಿಗಳ ಮೂಲಕ ಸಾರ್ವಜನಿಕ ವೈಫೈ ಒದಗಿಸುವ ‘ಪಿಎಂ-ವಾಣಿ’ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2020ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿತು. ಮನೆಯ ಜಾಲವನ್ನು ಪಾಸ್‌ವರ್ಡಿನಿಂದ ಭದ್ರಪಡಿಸುವುದು ಒಡೆಯನ ಕರ್ತವ್ಯ. ಪಾಠಕ್ಕಾಗಿ ಬಂದು ಕೇಳಿದ ನೆರೆಮನೆಯ ಮಗುವನ್ನು ಜಗಲಿಯಲ್ಲಿ ಕುಳ್ಳಿರಿಸಿಕೊಳ್ಳುವುದು ಅವನ ದೊಡ್ಡತನ. ಕೇಳಿ ಪಡೆಯುವುದು, ಪಡೆದುದನ್ನು ಹಿತಮಿತವಾಗಿ ಬಳಸುವುದು, ಕೊಟ್ಟ ಪಾಸ್‌ವರ್ಡನ್ನು ಮೂರನೆಯವರಿಗೆ ಹೇಳದಿರುವುದು ವಿದ್ಯಾರ್ಥಿಯ ಧರ್ಮ. ಬೆಟ್ಟದ ನಾಡಿನಲ್ಲಿ ಮನೆಗಳು ಒಂದಕ್ಕೊಂದು ದೂರವಿದ್ದರೂ ಜನರನ್ನು ಹತ್ತಿರವಾಗಿರಿಸಿರುವುದು ಪರಸ್ಪರ ನಂಬಿಕೆ. ಕಣ್ಣಿಗೆ ಕಾಣದ ಅಲೆಗಳ ವಿಷಯದಲ್ಲಿಯೂ ಆ ನಂಬಿಕೆಯನ್ನು ಉಳಿಸಿಕೊಳ್ಳುವವನೇ ನಿಜವಾದ ನೆರೆಯವನು.