ಜ್ಯಾಕ್ ಲ್ಯಾಂಗ್: ಪದಚ್ಯುತನಾದ ಕೋಶಾಧಿಪತಿ

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಸಂಸ್ಥಾನದಲ್ಲಿ 1920–22ರ ಅವಧಿಯಲ್ಲಿ ಅರ್ಥಸಚಿವನಾಗಿದ್ದು, ತರುವಾಯ 1925–27 ಹಾಗೂ 1930–32ರಲ್ಲಿ ಪ್ರೀಮಿಯರ್ ಪದವಿಯೊಡನೆ ಬೊಕ್ಕಸವನ್ನೂ ಸ್ವಹಸ್ತದಲ್ಲಿಯೇ ಇರಿಸಿಕೊಂಡ ಲೇಬರ್ ಪಕ್ಷದ ಧುರೀಣ ಜ್ಯಾಕ್ ಲ್ಯಾಂಗ್ (1876–1975). ವಿಧವಾ ವೇತನವೂ ಶಿಶುಪೋಷಣಾ ಭತ್ಯವೂ ಈತನ ಪ್ರಥಮ ಆಡಳಿತದ ಕೊಡುಗೆಗಳು.

ಆರ್ಥಿಕ ಮಹಾಕುಸಿತದ ದಿನಗಳಲ್ಲಿ, ಬ್ರಿಟಿಷ್ ಸಾಲಿಗರಿಗೆ ಬಡ್ಡಿ ಸಲ್ಲಿಸುವುದನ್ನು ತಡೆಹಿಡಿಯಬೇಕೆಂದೂ ಸ್ವದೇಶದ ಸರ್ಕಾರಿ ಸಾಲಗಳ ಬಡ್ಡಿಯನ್ನು ಶೇಕಡಾ 3ಕ್ಕೆ ಇಳಿಸಬೇಕೆಂದೂ 1931ರಲ್ಲಿ ‘ಲ್ಯಾಂಗ್ ಯೋಜನೆ’ಯನ್ನು ಮಂಡಿಸಿದ ಈತನು, ಬಾಕಿ ಬಡ್ಡಿಯ ವಸೂಲಿಗಾಗಿ ಸಂಸ್ಥಾನದ ಆದಾಯವನ್ನು ಒಕ್ಕೂಟ ಸರ್ಕಾರವು ವಶಪಡಿಸಿಕೊಳ್ಳಲು ಹೊರಟಾಗ, ಹಣವನ್ನು ಅದಕ್ಕೆ ಒಪ್ಪಿಸಕೂಡದೆಂದು ತನ್ನ ಅಧಿಕಾರಿಗಳಿಗೆ ಸುತ್ತೋಲೆಯನ್ನೇ ಹೊರಡಿಸಿದನು. ಧೈರ್ಯವೆನ್ನಿ, ಹಟವೆನ್ನಿ, ಅದನ್ನು ಹಿಂತೆಗೆದುಕೊಳ್ಳಲೊಪ್ಪದ ಕಾರಣ ಗವರ್ನರ್ ಸರ್ ಫಿಲಿಪ್ ಗೇಮ್ 1932ರ ಮೇ 13ರಂದು ಈತನನ್ನು ಪದಚ್ಯುತಗೊಳಿಸಿದರು.

ಪರೀಕ್ಷಾರ್ಥಿಗಳು ಇದನ್ನು 1975ರ ನವೆಂಬರ್ 11ರಂದು ಗವರ್ನರ್ ಜನರಲ್ ಜಾನ್ ಕೆರ್ ಅವರು ಪ್ರಧಾನಿ ವಿಟ್ಲಮ್‌ರನ್ನು ವಜಾಗೊಳಿಸಿದ ಪ್ರಸಂಗದೊಡನೆ ಬೆರೆಸಬಾರದು. ಅದಕ್ಕೆ ಕೆಲವೇ ವಾರಗಳ ಮೊದಲು ಲ್ಯಾಂಗ್ ನಿಧನನಾಗಿದ್ದನು.